ಶುಕ್ರವಾರ ಕೌಂಟರಿನಲ್ಲಿ ಯಾರಿರುತ್ತಾರೆ?

ವಾರಕ್ಕೆ ನಾಲ್ಕು ದಿನ ಕೆಲಸ ಎಂದರೆ ನಮಗೆ ಐಟಿ ಕಂಪನಿಗಳು ನೆನಪಾಗುತ್ತವೆ. ಅದೇ ಸೌಲಭ್ಯ ಪುರಸಭೆಯ ಗುಮಾಸ್ತರಿಗೆ ಎಂದರೆ ಮುಖ ಸಿಂಡರಿಸುತ್ತೇವೆ. ಐದು ದಿನ ಇದ್ದರೇ ಸೀಟಿನಲ್ಲಿ ಸಿಗುವುದಿಲ್ಲ, ಇನ್ನು ನಾಲ್ಕಾದರೆ? ಮುಂಬೈಯಿಂದ ರಜೆ ಹಾಕಿ, ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿ, ಖಾತೆ ಬದಲಾವಣೆಗೆಂದು ಸಾಲಿನಲ್ಲಿ ನಿಂತವರಿಗೆ ಈ ಸಿಟ್ಟು ಸಹಜ. ಆದರೆ ತಕರಾರು ಇರಬೇಕಾದದ್ದು ರಜೆಯ ಮೇಲಲ್ಲ, ಅದನ್ನು ಹಂಚುವ ರೀತಿಯ ಮೇಲೆ.

ಅಮೆರಿಕದ ಯೂಟಾ ರಾಜ್ಯ ಸರ್ಕಾರ 2008ರಲ್ಲಿ ತನ್ನ ಬಹುಪಾಲು ನೌಕರರಿಗೆ ದಿನಕ್ಕೆ ಹತ್ತು ಗಂಟೆಯಂತೆ ನಾಲ್ಕು ದಿನ ಕೆಲಸ ಕೊಟ್ಟು, ಶುಕ್ರವಾರ ಕಚೇರಿಗಳ ಬಾಗಿಲು ಹಾಕಿತು. ಇಂಧನ ಉಳಿಸುವುದು ಮುಖ್ಯ ಉದ್ದೇಶ. ಅಂದುಕೊಂಡಷ್ಟು ಉಳಿತಾಯ ಆಗಲಿಲ್ಲ, ಶುಕ್ರವಾರ ಬಂದ ಜನ ಮುಚ್ಚಿದ ಬಾಗಿಲು ನೋಡಿ ದೂರಿದರು. 2011ರಲ್ಲಿ ಐದು ದಿನದ ವಾರ ಮರಳಿತು.

ಇಂಗ್ಲೆಂಡಿನ ಸೌತ್ ಕೇಂಬ್ರಿಜ್‌ಶೈರ್ ಜಿಲ್ಲಾ ಕೌನ್ಸಿಲ್ 2023ರ ಜನವರಿಯಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿನ ಸಮಸ್ಯೆ ಖಾಲಿ ಹುದ್ದೆಗಳದು. ಜನ ಸಿಗದೆ, ಏಜೆನ್ಸಿಗಳ ಮೂಲಕ ದುಬಾರಿ ತಾತ್ಕಾಲಿಕ ನೌಕರರನ್ನು ಇಟ್ಟುಕೊಳ್ಳಬೇಕಾಗಿತ್ತು. ಹೊಸ ಲೆಕ್ಕ ಹೀಗಿತ್ತು: ಪೂರ್ತಿ ಸಂಬಳ, ಪೂರ್ತಿ ಕೆಲಸ, ಶೇ. 80ರಷ್ಟು ಸಮಯ. ಕೆಲವರಿಗೆ ಸೋಮವಾರ ರಜೆ, ಕೆಲವರಿಗೆ ಶುಕ್ರವಾರ. ಕಚೇರಿ ಮಾತ್ರ ಐದೂ ದಿನ ತೆರೆದಿರುತ್ತದೆ. ಅದೇ ಸೆಪ್ಟೆಂಬರಿನಲ್ಲಿ ಕಸ ಎತ್ತುವವರನ್ನೂ ಸೇರಿಸಿಕೊಂಡು, ಕಸದ ಗಾಡಿಯ ದಿನಗಳನ್ನು ಮಂಗಳವಾರದಿಂದ ಶುಕ್ರವಾರಕ್ಕೆ ಹೊಂದಿಸಿದರು.

ನಿಲ್ಲಿಸಿ ಎಂದು ಆಗಿನ ಸಚಿವರೇ ಪತ್ರ ಬರೆದರೂ ಕೌನ್ಸಿಲ್ ಮುಂದುವರಿಸಿತು. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಶೇ. 39ರಷ್ಟು ಇಳಿಯಿತು. ಎಲ್ಲವೂ ಸುಧಾರಿಸಲಿಲ್ಲ, ಬಾಡಿಗೆ ವಸೂಲಿ, ಖಾಲಿ ಮನೆಗಳನ್ನು ಮತ್ತೆ ಬಾಡಿಗೆಗೆ ಕೊಡುವಂಥ ಕೆಲವು ಕೆಲಸಗಳಲ್ಲಿ ಹಿನ್ನಡೆಯಾಯಿತು. ಆದರೂ 2025ರ ಜುಲೈನಲ್ಲಿ ವ್ಯವಸ್ಥೆಯನ್ನು ಕಾಯಂ ಮಾಡಿದರು. ದೊಡ್ಡ ಸಂಬಳ ಕೊಡಲಾಗದ ಸಣ್ಣ ಆಡಳಿತಕ್ಕೆ, ಒಳ್ಳೆಯ ನೌಕರರನ್ನು ಉಳಿಸಿಕೊಳ್ಳಲು ಸಮಯವೂ ಒಂದು ಬಂಡವಾಳ.

ನಮ್ಮಲ್ಲಿ? ಮಹಾರಾಷ್ಟ್ರ ಸರ್ಕಾರ 2020ರ ಫೆಬ್ರವರಿ 29ರಿಂದ ಐದು ದಿನದ ವಾರ ತಂದಿತು. ದಿನಕ್ಕೆ 45 ನಿಮಿಷ ಹೆಚ್ಚಿಸಿ, ಎಲ್ಲ ಶನಿವಾರವೂ ರಜೆ. ಅಗತ್ಯ ಸೇವೆಯವರು ಹೊರಗುಳಿದರು. ಅಂದರೆ ಯೂಟಾದ ದಾರಿಯೇ: ಮೇಜಿನವರಿಗೆ ಬಿಡುವು, ಕೌಂಟರಿಗೆ ಬೀಗ, ಬೀದಿಯಲ್ಲಿ ದುಡಿಯುವವರಿಗೆ ಮೊದಲಿನ ಪಾಡೇ.

ಪುರಸಭೆಯ ಗುಮಾಸ್ತರಿಗೂ ನಾಲ್ಕು ದಿನದ ವಾರ ಸಿಗಲಿ ಎಂದೇ ನಾನು ಹೇಳುತ್ತೇನೆ. ಆದರೆ ಷರತ್ತು ಎರಡು. ಕೌಂಟರು ಒಂದು ದಿನವೂ ಮುಚ್ಚಬಾರದು. ಪಟ್ಟಿಯಲ್ಲಿ ಗುಮಾಸ್ತರ ಹೆಸರಿನ ಜೊತೆಗೇ ಪೌರಕಾರ್ಮಿಕರ, ನೀರು ಬಿಡುವವರ ಹೆಸರೂ ಇರಬೇಕು. ಅವರಿಗೆ ಸಿಗದ ರಜೆಯನ್ನು ಸುಧಾರಣೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.