426 ಮತ್ತು 462

ಮಕ್ಕಳೇ, ಕಳೆದ ಭಾನುವಾರ ಮೊಮ್ಮಗಳು ಮುಖ ಊದಿಸಿಕೊಂಡು ನನ್ನ ಕುರ್ಚಿಯ ಪಕ್ಕ ಬಂದು ಕೂತಳು. ಆರನೇ ತರಗತಿ.

"ತಾತ, ಈ ವರ್ಷದಿಂದ ನಮಗೆ ಕಂಪ್ಯೂಟರ್ ಸೈನ್ಸ್ ಕಡ್ಡಾಯ ಅಂತೆ. ನಾನು ದನದ ಡಾಕ್ಟರ್ ಆಗೋಳು. ನಂಗ್ಯಾಕೆ ಅದು?"

ಹೂವು ಕಟ್ಟುತ್ತಿದ್ದ ಅವಳ ಅಜ್ಜಿಯೂ ಅವಳ ಪಕ್ಷವೇ. "ಸರಿಯಾಗಿ ಕೇಳಿದ್ಲು. ಈಗಲೇ ಮೊಬೈಲು ಕೆಳಗಿಡಲ್ಲ. ಪಾಠವೂ ಅದರಲ್ಲೇ ಆದ್ರೆ ಮಗು ಕಣ್ಣಿನ ಗತಿ ಏನು?"

ಇಬ್ಬರಿಗೂ ಒಂದೇ ಉತ್ತರ ಕೊಡಬೇಕಾಗಿತ್ತು. ಅದಕ್ಕೆ ನನ್ನ ಹಳೆಯ ತಪ್ಪೊಂದನ್ನು ಹೇಳಿದೆ. ಈವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

1980ರ ದಶಕದ ಕೊನೆಯ ಮಾತು. ಬ್ಯಾಂಕುಗಳಲ್ಲಿ ಕಂಪ್ಯೂಟರ್ ಬಳಕೆಯ ಬಗ್ಗೆ ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟಿತ್ತು. ಆಮೇಲೆ ಒಂದೊಂದೇ ಶಾಖೆಗೆ ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ಕೆಲಸ ಹೋದೀತೆಂದು ಮೊದಲು ನಾವೆಲ್ಲ ಘೋಷಣೆ ಕೂಗಿದವರೇ. ಯಂತ್ರ ಬಂದು ಕೂತ ಮೇಲೆ ಮಾತ್ರ ಅದನ್ನು ದೇವರ ಹಾಗೆ ನಂಬಿಬಿಟ್ಟೆವು.

ನಮ್ಮ ಶಾಖೆಯ ಎದುರು ಹೂವು ಮಾರುತ್ತಿದ್ದ ಅಜ್ಜಿಯೊಬ್ಬರ ಖಾತೆ ಇತ್ತು. ಸಂಖ್ಯೆ 426. ಒಂದು ದಿನ ಮಗನ ಕಾಲೇಜು ಫೀಸಿಗೆಂದು ಹಣ ತೆಗೆಯಲು ಬಂದರು. ಯಂತ್ರದಲ್ಲಿ ನೋಡಿದರೆ ಅಷ್ಟು ಹಣವಿಲ್ಲ.

"ಹೋದ ಸೋಮವಾರ ನಾನೂರು ಕಟ್ಟಿದ್ದೀನಿ ಸ್ವಾಮಿ" ಎಂದರು.

"ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ" ಎಂದೆ ನಾನು.

ಸೋಮವಾರದ ವೋಚರ್ ಕಟ್ಟು ಬಿಚ್ಚಿ ನೋಡಲು ಐದು ನಿಮಿಷ ಸಾಕಿತ್ತು. ನೋಡಲಿಲ್ಲ. ಅವರು ಮತ್ತೆ ಮಾತಾಡದೆ ಹೊರಟುಹೋದರು.

ವಾರದ ಮೇಲೆ ಮೇಷ್ಟ್ರೊಬ್ಬರು ಬಂದರು. "ನಾನು ಕಟ್ಟದ 400 ರೂಪಾಯಿ ನನ್ನ ಖಾತೆಯಲ್ಲಿದೆಯಲ್ಲ, ಏನಿದು?" ಎಂದರು. ಅವರ ಖಾತೆ ಸಂಖ್ಯೆ 462. ನನ್ನ ಎದೆ ಧಸಕ್ಕೆಂದಿತು. 426 ಎಂದು ಒತ್ತುವ ಬದಲು 462 ಎಂದು ಒತ್ತಿದ್ದವನು ನಾನೇ. ಪರಿಶೀಲಿಸಿದ ಅಧಿಕಾರಿಯ ಕಣ್ಣಿಗೂ ಅದು ಬಿದ್ದಿರಲಿಲ್ಲ. ದಿನದ ಒಟ್ಟು ಮೊತ್ತ ಸರಿಯಾಗಿಯೇ ಇದ್ದುದರಿಂದ ಲೆಕ್ಕವೂ ತಾಳೆಯಾಗಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ, ನಿಜ. ನಾನು ಕೊಟ್ಟ ತಪ್ಪನ್ನೇ ಅಚ್ಚುಕಟ್ಟಾಗಿ ಇಟ್ಟುಕೊಂಡಿತ್ತು.

ಓಡಿಹೋಗಿ ಕ್ಷಮೆ ಕೇಳಿದೆ. ಆ ವೇಳೆಗೆ ಅಜ್ಜಿ ಕಿವಿಯ ಓಲೆ ಗಿರವಿ ಇಟ್ಟು ಫೀಸು ಕಟ್ಟಿಯಾಗಿತ್ತು. "ಯಂತ್ರಕ್ಕೇನು ಗೊತ್ತು ಸ್ವಾಮಿ, ನೀವಾದ್ರೂ ನೋಡಬಹುದಿತ್ತು" ಎಂದರು, ಅಷ್ಟೇ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಕಥೆ ಮುಗಿದಾಗ ಮೊಮ್ಮಗಳ ಮುಖದ ಊತ ಇಳಿದಿತ್ತು. "ಯಂತ್ರಾನೇ ತಪ್ಪು ಹಿಡಿಯೋ ಹಾಗೆ ಮಾಡಕ್ಕಾಗಲ್ವಾ ತಾತ?"

"ನೀನೇ ಮಾಡು" ಎಂದು ಹಾಳೆ, ಪೆನ್ಸಿಲ್ ಕೊಟ್ಟೆ.

ಅವಳು ಮೊದಲು ಅಂಕಿಗಳನ್ನು ಕೂಡಿದಳು. 4+2+6=12. ಮೊತ್ತದ ಕೊನೆಯ ಅಂಕಿ 2 ಅನ್ನು ಸಂಖ್ಯೆಯ ಬಾಲಕ್ಕೆ ಸೇರಿಸಿ 4262 ಎಂದು ಬರೆದಳು. ಅದಲುಬದಲಾದರೆ? 4+6+2, ಅದೂ 12. ಕಳ್ಳ ತಪ್ಪಿಸಿಕೊಂಡ! ಪೆನ್ಸಿಲ್ ಕಚ್ಚುತ್ತಾ ಕೂತಳು. "ಯಾವ ಅಂಕಿ ಎಲ್ಲಿ ಕೂತಿದೆ ಅನ್ನೋದೂ ಲೆಕ್ಕಕ್ಕೆ ಬರಬೇಕಲ್ವಾ?" ಎಂದೆ. ಸ್ವಲ್ಪ ಹೊತ್ತಿನಲ್ಲೇ ಹೊಳೆಯಿತು. ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ ಗುಣಿಸಿ ಕೂಡಿದಳು. 4+4+18=26. ಬಾಲದ ಅಂಕಿ 6, ಖಾತೆ ಸಂಖ್ಯೆ 4266. ಈಗ ನನ್ನಂಥವನೊಬ್ಬ 4626 ಎಂದು ಒತ್ತಿದರೆ? 4+12+6=22. ಬಾಲ 2 ಇರಬೇಕಿತ್ತು, 6 ಇದೆ. ಸಿಕ್ಕಿಬಿದ್ದ!

ಇದು ಬರೀ ಆಟವಲ್ಲ. ನಿಮ್ಮ ಆಧಾರ್ ಸಂಖ್ಯೆಯ 12ನೇ ಅಂಕಿ ಇಂಥದೇ ಕಾವಲುಗಾರ. ಯಾವುದಾದರೂ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಅದು ಹಿಡಿದುಹಾಕುತ್ತದೆ. ಅದರ ಸೂತ್ರ ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ್ದು.

ಕಂಪ್ಯೂಟರ್ ವಿಜ್ಞಾನ ಅಂದರೆ ಇದೇ. ತಪ್ಪು ಎಲ್ಲಿ ಆಗಬಹುದೆಂದು ಮೊದಲೇ ಯೋಚಿಸಿ, ಹಂತಹಂತವಾಗಿ ದಾರಿ ಬರೆಯುವುದು. ನಾವು ಕೂತಲ್ಲಿ ಕಂಪ್ಯೂಟರೂ ಇರಲಿಲ್ಲ, ಮೊಬೈಲೂ ಇರಲಿಲ್ಲ. ಅಜ್ಜಿಗೆ ಸಮಾಧಾನವಾಯಿತು.

ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ, 6ರಿಂದ 8ನೇ ತರಗತಿಯ ಹಂತದಲ್ಲೇ ಕೋಡಿಂಗ್ ಚಟುವಟಿಕೆಗಳು ಬರಲಿ ಎಂದಿದೆ. ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ 2014ರಿಂದಲೇ 5 ವರ್ಷದ ಮಕ್ಕಳಿಂದ ಹಿಡಿದು ಕಂಪ್ಯೂಟಿಂಗ್ ಪಾಠ ಇದೆ. ಕಡ್ಡಾಯ ಮಾಡುವುದು ಸರಿ ಎಂದೇ ನನ್ನ ಅಭಿಪ್ರಾಯ. ಐಚ್ಛಿಕವಾದರೆ ಅನುಕೂಲಸ್ಥರ ಮಕ್ಕಳು ಮಾತ್ರ ಕಲಿತಾರು. ಹೂವಿನ ಅಜ್ಜಿಯ ಮೊಮ್ಮಕ್ಕಳು ಕೌಂಟರಿನ ಈಚೆ ನಿಂತು "ಕಂಪ್ಯೂಟರ್ ಹೇಳಿತು" ಎಂದದ್ದಕ್ಕೆ ತಲೆಯಾಡಿಸಬೇಕಾದೀತು. ಆದರೆ ಮಾನಿಟರ್ ಎಂದರೇನು, ಮೌಸ್ ಎಂದರೇನು ಎಂದು ಬಾಯಿಪಾಠ ಮಾಡಿಸಿ ಅಂಕ ಕೊಡುವುದಾದರೆ ಈ ಪಾಠ ಬೇಡವೇ ಬೇಡ. ಇನ್ನು ಲ್ಯಾಬ್ ಇಲ್ಲದ ಶಾಲೆಗಳಿಗೆ ಯಂತ್ರ ಬರಲೇಬೇಕು. ಅದು ಬರುವವರೆಗೆ ಹಾಳೆ, ಪೆನ್ಸಿಲ್‌ನಿಂದ ಶುರುಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ದನದ ಡಾಕ್ಟರಿಗೂ ಇದು ಬೇಕು. ನಾಳೆ ಹಸುವಿನ ರಕ್ತ ಪರೀಕ್ಷೆಯ ವರದಿಯನ್ನು ಯಂತ್ರ ಕೊಟ್ಟಾಗ, "ಇದು ಈ ಹಸುವಿನದೇನಾ?" ಎಂದು ಕೇಳುವ ಡಾಕ್ಟರ್ ಬೇಕಲ್ಲವೇ?

ಈ ವಾರ ತಾತ, ಅಜ್ಜಿಯ ಜೊತೆ ಕೂತು ಒಂದು ಕೆಲಸ ಮಾಡಿ. ಪುಸ್ತಕಗಳ ಹಿಂಬದಿಯಲ್ಲಿ ಐಎಸ್‌ಬಿಎನ್ ಎಂಬ 13 ಅಂಕಿಗಳ ಸಂಖ್ಯೆ ಇರುತ್ತದೆ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1, ಮತ್ತೆ 3, ಹೀಗೆ ಗುಣಿಸುತ್ತಾ ಹೋಗಿ ಎಲ್ಲವನ್ನೂ ಕೂಡಿ. ಮೊತ್ತ 10ರಿಂದ ಪೂರ್ತಿ ಭಾಗವಾಗಬೇಕು. ಈ ಕಾವಲುಗಾರನೂ ಒಮ್ಮೊಮ್ಮೆ ತೂಕಡಿಸುತ್ತಾನೆ. ಅಕ್ಕಪಕ್ಕದಲ್ಲಿರುವ 2 ಮತ್ತು 7 ಅದಲುಬದಲಾದರೆ ಅವನಿಗೆ ಗೊತ್ತಾಗುವುದಿಲ್ಲ. ಯಾಕೆ? ಯೋಚಿಸಿ. ಉತ್ತರ ಮುಂದಿನ ವಾರ.