ಗಾನವೃಂದದ ಪ್ರವಾಸ

ನವೆಂಬರ್ 22 ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಮ್ಮನವರ ಹಬ್ಬ. ಅದರ ಬೆನ್ನಲ್ಲೇ ಕ್ರಿಸ್ತಜಯಂತಿ ಗೀತೆಗಳ ಅಭ್ಯಾಸ. ಬಸ್ಸು ಗೊತ್ತುಮಾಡಿಕೊಂಡು ಊರೂರಿನ ದೇವಾಲಯಗಳಲ್ಲಿ ಹಾಡಿ ಬರಲು ಯುವ ಗಾನವೃಂದಗಳು ಹೊರಡುವುದೂ ಉಂಟು. ಹಾರ್ಮೋನಿಯಂ, ತಬಲ, ಬುತ್ತಿಯ ಗಂಟು, ಪರಿಚಯವಿಲ್ಲದ ಮನೆಗಳ ಆತಿಥ್ಯ ಇವೆಲ್ಲ ನಮ್ಮ ಮಕ್ಕಳಿಗೆ ಸಹಬಾಳ್ವೆಯನ್ನು ಕಲಿಸುತ್ತವೆ. ಇಂಥ ಪ್ರವಾಸಗಳನ್ನು ಮನಸಾರೆ ಸ್ವಾಗತಿಸೋಣ.

ಆದರೆ ಒಂದು ಮಾತು. ಹೊರಗಿನ ವೃಂದ ಹೊಸ ಹಾಡುಗಳನ್ನು ಒಂದರ ಮೇಲೊಂದು ಹಾಡುವಾಗ ಆ ಊರಿನ ಜನ ಮೌನವಾಗಿ ಕುಳಿತಿರುತ್ತಾರೆ. ಪ್ರತಿ ಭಾನುವಾರ ಹಾಡುವ ಅಲ್ಲಿಯ ನಾಲ್ಕೈದು ಮಂದಿ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಬಲಿಪೂಜೆ ಕಚೇರಿಯಾಗುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ದೈವಾರಾಧನೆಯ ಸಂವಿಧಾನವು, ಗಾನವೃಂದಗಳನ್ನು ಶ್ರದ್ಧೆಯಿಂದ ಬೆಳೆಸಬೇಕೆನ್ನುವ 114ನೇ ಪರಿಚ್ಛೇದದಲ್ಲಿಯೇ, ನೆರೆದ ಭಕ್ತರೆಲ್ಲರೂ ತಮ್ಮ ಪಾಲಿನ ಗಾನದಲ್ಲಿ ಭಾಗಿಗಳಾಗುವಂತೆ ನೋಡಿಕೊಳ್ಳಬೇಕೆಂದೂ ವಿಧಿಸಿದೆ. ಜನರನ್ನು ಪೂರ್ತಿ ಹೊರಗಿಟ್ಟು ಎಲ್ಲವನ್ನೂ ವೃಂದವೊಂದೇ ಹಾಡುವುದು ಸಲ್ಲದೆಂದು 1967ರ 'ಮೂಸಿಕಾಂ ಸಾಕ್ರಾಂ' ಸ್ಪಷ್ಟಪಡಿಸಿತು.

ಪರಿಹಾರ ಕಷ್ಟದ್ದಲ್ಲ. ಪೂಜೆಗೆ ಕಾಲು ಗಂಟೆ ಮೊದಲು ಜನರಿಗೆ ಒಂದು ಪಲ್ಲವಿಯನ್ನು ಕಲಿಸಿರಿ. ಅಲ್ಲಿಯ ಗಾಯಕರನ್ನು ನಿಮ್ಮ ಸಾಲಿನಲ್ಲಿ ನಿಲ್ಲಿಸಿಕೊಳ್ಳಿರಿ. ಅವರ ಹಾಡೊಂದನ್ನು ಕಲಿತು ಬನ್ನಿರಿ. ವಿಶೇಷ ಗೀತೆಗಳಿಗೆ ಪೂಜೆಯ ಅನಂತರ ಸಮಯವಿದೆ. ಬಸ್ಸಿನ ಖರ್ಚು ಹೊಂದಿಸಲಾಗದೆ ಯಾವ ಮಗುವೂ ಮನೆಯಲ್ಲಿ ಉಳಿಯದಂತೆ ಧರ್ಮಕೇಂದ್ರದ ಗುರುಗಳೂ ಹಿರಿಯರೂ ನೋಡಿಕೊಳ್ಳಬೇಕು.

ಬಸ್ಸು ಹಿಂದಿರುಗಿದ ಮರುವಾರ ಆ ಊರಿನ ದೇವಾಲಯದಲ್ಲಿ ಜನರ ದನಿ ಮೊದಲಿಗಿಂತ ಗಟ್ಟಿಯಾಗಿ ಕೇಳಿಬಂದರೆ ಪ್ರವಾಸ ಸಾರ್ಥಕ.