ಕೆಲಸ ನಿಂತಾಗ ಸಂಬಳ: ಯಾವುದರ ಶೇ. 80? ಯಾವುದರ ಶೇ. 50?

2020ರ ಮೇ ತಿಂಗಳಲ್ಲಿ ಬ್ರಿಟನ್ನಿನ ಲೆಸ್ಟರ್‌ನಿಂದ ಗೆಳೆಯನೊಬ್ಬ ವಾಟ್ಸ್ಆಪ್‌ನಲ್ಲಿ ತನ್ನ ಪೇ ಸ್ಲಿಪ್ ಕಳಿಸಿದ. ಹಾಸನದ ಹುಡುಗ, ಓದೋಕೆ ಹೋದವನು. ಖರ್ಚಿಗೆ ಅಂತ ಏಜೆನ್ಸಿಯೊಂದರ ಮೂಲಕ ಗೋದಾಮಿನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡ್ತಿದ್ದ. ಲಾಕ್‌ಡೌನ್‌ನಿಂದ ಆ ಕೆಲಸ ನಿಂತಿತ್ತು. "ಮಗಾ, ಸರ್ಕಾರ ಶೇ. 80 ಸಂಬಳ ಕೊಡ್ತೀವಿ ಅಂದಿತ್ತು. ಏಪ್ರಿಲ್‌ಗೆ 240 ಪೌಂಡ್ ಬಂದಿದೆ. ಲೆಕ್ಕ ಸರಿ ಇದ್ಯಾ ನೋಡು" ಅಂತ ಬರೆದಿದ್ದ.

ಅವನು ಹೇಳಿದ್ದು ಫರ್ಲೋ ಯೋಜನೆಯ ಬಗ್ಗೆ. 2020ರ ಮಾರ್ಚ್ 20ರಂದು ಆಗಿನ ಹಣಕಾಸು ಸಚಿವ ರಿಷಿ ಸುನಕ್ ಅದನ್ನು ಘೋಷಿಸಿದರು. ಕೆಲಸದಿಂದ ತೆಗೆಯಬೇಡಿ, ಮನೆಯಲ್ಲಿ ಕೂರಿಸಿ, ಸಂಬಳದ ಶೇ. 80ರಷ್ಟನ್ನು, ತಿಂಗಳಿಗೆ ಗರಿಷ್ಠ 2,500 ಪೌಂಡ್‌ವರೆಗೆ, ನಾವು ಕೊಡ್ತೀವಿ ಅಂತ ಸರ್ಕಾರ ಮಾಲೀಕರಿಗೆ ಹೇಳಿತು. 2021ರ ಸೆಪ್ಟೆಂಬರ್ 30ರವರೆಗೆ ನಡೆದ ಈ ಯೋಜನೆ ಸುಮಾರು 1.17 ಕೋಟಿ ಉದ್ಯೋಗಗಳನ್ನು ತಲುಪಿತು. ಏಜೆನ್ಸಿಯ ಪೇರೋಲ್‌ನಲ್ಲಿದ್ದ ತಾತ್ಕಾಲಿಕ ಕಾರ್ಮಿಕರಿಗೂ ಅದರಲ್ಲಿ ಜಾಗ ಇತ್ತು.

ಕಾಯಂ ನೌಕರನ ಲೆಕ್ಕ ಸುಲಭ, ತಿಂಗಳ ಸಂಬಳಕ್ಕೆ ಶೇ. 80 ಹಾಕಿದರೆ ಮುಗೀತು. ಆದರೆ ಒಂದು ವಾರ 20 ಗಂಟೆ, ಇನ್ನೊಂದು ವಾರ 8 ಗಂಟೆ ದುಡಿಯುವವನ 'ಸಂಬಳ' ಅಂದರೆ ಎಷ್ಟು? ನಿಯಮ ಸ್ಪಷ್ಟವಾಗಿತ್ತು. ಕೆಲಸಕ್ಕೆ ಸೇರಿ ವರ್ಷ ಆಗಿರದಿದ್ದರೆ, ಸೇರಿದ ದಿನದಿಂದ ಫರ್ಲೋ ಶುರುವಾಗುವ ಹಿಂದಿನ ದಿನದವರೆಗಿನ ಒಟ್ಟು ಗಳಿಕೆಯ ಸರಾಸರಿ ತೆಗೆಯಬೇಕು. ವರ್ಷ ದಾಟಿದ್ದರೆ 2019-20ರ ತೆರಿಗೆ ವರ್ಷದ ಸರಾಸರಿ ಅಥವಾ ಹಿಂದಿನ ವರ್ಷ ಅದೇ ತಿಂಗಳ ಗಳಿಕೆ, ಎರಡರಲ್ಲಿ ಯಾವುದು ಹೆಚ್ಚೋ ಅದು.

ಗೆಳೆಯ ಸೇರಿದ್ದು 2019ರ ಅಕ್ಟೋಬರ್ 1ಕ್ಕೆ. ಫರ್ಲೋ ಶುರುವಾಗಿದ್ದು 2020ರ ಮಾರ್ಚ್ 24ಕ್ಕೆ. ನಡುವೆ 175 ದಿನ, ಗಳಿಸಿದ್ದು 3,500 ಪೌಂಡ್. ಅಂದರೆ ದಿನಕ್ಕೆ 20. ಅದರ ಶೇ. 80 ಅಂದರೆ 16. ಏಪ್ರಿಲ್‌ನ 30 ದಿನಕ್ಕೆ 480 ಪೌಂಡ್ ಬರಬೇಕಿತ್ತು. ಏಜೆನ್ಸಿ ಏನು ಮಾಡಿತ್ತು ಗೊತ್ತಾ? ಕೆಲಸ ತೀರಾ ಕಡಿಮೆಯಿದ್ದ ಕೊನೆಯ ನಾಲ್ಕು ವಾರಗಳ 280 ಪೌಂಡ್ ಮಾತ್ರ ಹಿಡಿದುಕೊಂಡಿತ್ತು. ದಿನಕ್ಕೆ 10, ಅದರ ಶೇ. 80 ಎಂಟು, ತಿಂಗಳಿಗೆ 240. ಶೇ. 80 ಅನ್ನೋದು ಎರಡೂ ಲೆಕ್ಕದಲ್ಲಿ ಇದೆ. ಆದರೆ ಹಣ ಅರ್ಧಕ್ಕೆ ಇಳಿಯಿತು.

ನನಗೆ ಅವತ್ತು ಅರ್ಥವಾಗಿದ್ದು ಇಷ್ಟು: ರಾಜಕಾರಣಿಗಳು ವೇದಿಕೆಯಲ್ಲಿ ಶೇಕಡಾವಾರು ಹೇಳ್ತಾರೆ, ಕಾರ್ಮಿಕನ ಹೊಟ್ಟೆಗೆ ಎಷ್ಟು ಅನ್ನೋದನ್ನು ತೀರ್ಮಾನಿಸುವುದು ಆ ಶೇಕಡಾ ಯಾವ ಮೊತ್ತದ ಮೇಲೆ ಅನ್ನೋ ಸಣ್ಣಕ್ಷರದ ಸಾಲು. ಅಲ್ಲಿನ 'ಅಂಬ್ರೆಲಾ ಕಂಪನಿ'ಗಳನ್ನೇ ನೋಡಿ. ಏಜೆನ್ಸಿಗೂ ಕಾರ್ಮಿಕನಿಗೂ ನಡುವೆ ನಿಂತು ಸಂಬಳ ಬಟವಾಡೆ ಮಾಡುವ ಕಂಪನಿಗಳಿವು. ಇವುಗಳಲ್ಲಿ ಹಲವು ಕನಿಷ್ಠ ವೇತನವನ್ನಷ್ಟೇ ಸಂಬಳ ಅಂತ ತೋರಿಸಿ, ಉಳಿದದ್ದನ್ನು ಮಾಲೀಕರ ಇಚ್ಛೆಗೆ ಬಿಟ್ಟ ಕಮಿಷನ್ ಅಂತ ಬರೆಯುತ್ತವೆ. ಫರ್ಲೋ ನಿಯಮದಲ್ಲಿ ಇಂಥ ಇಚ್ಛೆಯ ಪಾವತಿಗೆ ಲೆಕ್ಕವಿಲ್ಲ. ಹಾಗಾಗಿ ಎಷ್ಟೋ ಮಂದಿಗೆ ಸಿಕ್ಕಿದ್ದು ಕನಿಷ್ಠ ವೇತನದ ಶೇ. 80 ಮಾತ್ರ. ಇನ್ನೊಂದು ವಿಷಯ, ಫರ್ಲೋ ಕಾರ್ಮಿಕನ ಹಕ್ಕಾಗಿರಲಿಲ್ಲ. ಕೊಡಬೇಕೋ ಬೇಡವೋ ಅನ್ನೋ ತೀರ್ಮಾನ ಏಜೆನ್ಸಿಯ ಕೈಯಲ್ಲಿತ್ತು.

ನಮ್ಮಲ್ಲಿ ಏನಾಯ್ತು? 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ಲಾಕ್‌ಡೌನ್ ಅವಧಿಗೆ ಕಡಿತವಿಲ್ಲದೆ ಪೂರ್ತಿ ಸಂಬಳ ಕೊಡಿ ಅಂತ ಮಾಲೀಕರಿಗೆ ಆದೇಶಿಸಿತು. ಬ್ರಿಟನ್ನಿನಂತೆ ಸಂಬಳದ ಪಾಲು ಹೊರಲು ಸರ್ಕಾರ ಮುಂದೆ ಬರಲಿಲ್ಲ. ಮೇ 18ರಿಂದ ಆದೇಶವೂ ಇಲ್ಲವಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್, ಮಾಲೀಕರು ಮತ್ತು ಕಾರ್ಮಿಕರು ಮಾತುಕತೆಯಿಂದ ಬಗೆಹರಿಸಿಕೊಳ್ಳಲಿ ಎಂದಿತು. ಪೀಣ್ಯದಲ್ಲೋ ನರಸಾಪುರದಲ್ಲೋ ಗುತ್ತಿಗೆಗೆ ದುಡಿಯುವವನು ಯಾರ ಜೊತೆ ಮಾತಾಡಬೇಕು? ಕಂಪನಿಯವರು ಏಜೆನ್ಸಿ ಕಡೆ ಕೈ ತೋರಿಸ್ತಾರೆ, ಏಜೆನ್ಸಿಯವರು ಕಂಪನಿ ಕಡೆ.

ಇದು ಹಳೇ ಕಥೆ ಅಂತ ಬಿಡೋ ಹಾಗಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಲೇ-ಆಫ್ ಪರಿಹಾರ ಹಳೇ ಕಾಯ್ದೆಯಲ್ಲಿದ್ದಷ್ಟೇ: ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 50. ಓಟಿ, ಹಾಜರಾತಿ ಬೋನಸ್ ಎಲ್ಲ ಸೇರಿ 20,000 ರೂಪಾಯಿ ಎಣಿಸುತ್ತಿದ್ದವನ ಮೂಲ ವೇತನ ಮತ್ತು ತುಟ್ಟಿಭತ್ಯೆ 14,000 ಅಂದುಕೊಳ್ಳಿ. ತಿಂಗಳಿಡೀ ಲೇ-ಆಫ್ ಆದರೆ ಅವನಿಗೆ 7,000, ಅಂದರೆ ನಿಜವಾದ ಗಳಿಕೆಯ ಶೇ. 35. ಅದೂ 50ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಡೆ ಇಲ್ಲ. ಬದಲಿ ಮತ್ತು ಕ್ಯಾಶುಯಲ್ ಕಾರ್ಮಿಕರಿಗೆ ಇಲ್ಲ. ಹೆಸರು ಮಸ್ಟರ್ ರೋಲ್‌ನಲ್ಲಿ ಇರಬೇಕು, ಒಂದು ವರ್ಷದ ನಿರಂತರ ಸೇವೆ ಆಗಿರಬೇಕು. ಗುತ್ತಿಗೆಯವನ ಹೆಸರು ಇರೋದು ಏಜೆನ್ಸಿಯ ಪುಸ್ತಕದಲ್ಲಿ. ನಡುವೆ ಏಜೆನ್ಸಿ ಬದಲಾದರೆ, ನಿನ್ನ ಸೇವೆ ಈಗಷ್ಟೇ ಶುರುವಾಗಿದೆ ಅಂತ ಹೊಸಬರು ವಾದಿಸಬಹುದು. ಇನ್ನೊಂದು ಕಡೆ, ಲೇ-ಆಫ್‌ಗೆ ಸರ್ಕಾರದ ಅನುಮತಿ ಬೇಕೆನ್ನುವ ಮಿತಿಯನ್ನು 100ರಿಂದ 300 ಕಾರ್ಮಿಕರಿಗೆ ಏರಿಸಿದ್ದಾರೆ.

ಹಾಗಾಗಿ ಹೋರಾಟ ಬರೀ ಶೇ. 50 ಅನ್ನು 80 ಮಾಡಿ ಅನ್ನೋದಕ್ಕೆ ನಿಲ್ಲಬಾರದು. ಹಿಂದಿನ 12 ತಿಂಗಳ ನಿಜವಾದ ಗಳಿಕೆಯ ಸರಾಸರಿಯ ಮೇಲೆ ಪರಿಹಾರ ಲೆಕ್ಕ ಹಾಕಬೇಕು. ಏಜೆನ್ಸಿ ಬದಲಾದರೂ ಅದೇ ಕಾರ್ಖಾನೆಯಲ್ಲಿ ದುಡಿದ ದಿನಗಳೆಲ್ಲ ಎಣಿಕೆಗೆ ಬರಬೇಕು. ಏಜೆನ್ಸಿ ಕೊಡದಿದ್ದರೆ ಮೂಲ ಕಂಪನಿ ಕೊಡಬೇಕು. ಗುತ್ತಿಗೆ ಕಾರ್ಮಿಕರ ಕೂಲಿ ಬಾಕಿ ಉಳಿದರೆ ಮೂಲ ಮಾಲೀಕರೇ ಹೊಣೆ ಅನ್ನೋ ತತ್ವ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. ಅದನ್ನು ಲೇ-ಆಫ್ ಪರಿಹಾರಕ್ಕೂ ಸ್ಪಷ್ಟವಾಗಿ ಅನ್ವಯಿಸಿ ಅಂತ ಕೇಳೋದರಲ್ಲಿ ಅತಿಯಾಸೆ ಏನಿದೆ?

ಅಲ್ಲಿಯವರೆಗೆ, ಏಜೆನ್ಸಿ ಮೂಲಕ ದುಡಿಯುತ್ತಿದ್ದರೆ ಪ್ರತಿ ಪೇ ಸ್ಲಿಪ್ ಎತ್ತಿಟ್ಟುಕೊಳ್ಳಿ. ಗೆಳೆಯನಿಗೆ ನೆರವಾಗಿದ್ದು ಅದೇ. ಎಲ್ಲ ಸ್ಲಿಪ್ ಜೋಡಿಸಿ, ಲೆಕ್ಕ ಬರೆದು ಇಮೇಲ್ ಮಾಡಿದ. ಜೂನ್‌ನಲ್ಲಿ ಉಳಿದ 240 ಪೌಂಡ್ ಬಂತು. ಅವನ ಪಾಳಿಯಲ್ಲಿದ್ದ ಬೇರೆಯವರಿಗೂ ಸರಿ ಮಾಡಿದ್ರಾ ಅಂತ ಕೇಳಿದೆ. "ಇಲ್ಲ, ಕೇಳಿದವರಿಗೆ ಮಾತ್ರ" ಅಂದ.